ಮೂರು ಗಂಟಿನ ಉಡಿದಾರ

ಫೆಬ್ರವರಿ 17, ಭಾನುವಾರ

ನಾನು ನಿವೃತ್ತಳಾದ ವರ್ಷದ ಹಾಜರಿ ಪುಸ್ತಕದಲ್ಲಿ ಇನ್ನೂ ನಲವತ್ತು ಹಾಳೆ ಖಾಲಿ ಉಳಿದಿವೆ. ಶಾಲೆಯವರಿಗೆ ನನ್ನನ್ನು ಮನೆಗೆ ಕಳಿಸುವ ಅವಸರ ಎಷ್ಟಿತ್ತೆಂದರೆ ಪುಸ್ತಕ ವಾಪಸು ಕೇಳುವುದನ್ನೂ ಮರೆತರು. ಈ ಊರಿನಲ್ಲಿ ಯಾರಿಗೂ ಏನನ್ನೂ ಹೇಳಿ ಪ್ರಯೋಜನವಿಲ್ಲ. ಮೂವತ್ತೆರಡು ವರ್ಷ ಹೇಳಿ ನೋಡಿದ್ದೇನೆ. ಇನ್ನು ಮುಂದೆ ಇದಕ್ಕೇ ಹೇಳುತ್ತೇನೆ. ಹಾಳೆಗಾದರೂ ನಡುವೆ ಬಾಯಿ ಹಾಕುವ ಚಟವಿಲ್ಲ.

ಇವತ್ತು ಚರ್ಚಿನಲ್ಲಿ ಪಾದ್ರಿ, ಮಕ್ಕಳು ದೇವರ ಆಶೀರ್ವಾದ ಎಂದು ಒಂದೂವರೆ ಗಂಟೆ ಹೇಳಿದರು. ಅವರಿಗೆ ಒಂಬತ್ತು ಆಶೀರ್ವಾದಗಳಿವೆ. ಅವರ ಹೆಂಡತಿ ಮುಂದಿನ ಬೆಂಚಿನಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಒಂಬತ್ತನೆಯ ಆಶೀರ್ವಾದ ಅವಳ ಮೊಲೆ ಚೀಪುತ್ತಿತ್ತು, ಎಂಟನೆಯದು ಅವಳು ಸೊಂಟಕ್ಕೆ ಸುತ್ತಿದ ಚಿತೆಂಜೆ ಬಟ್ಟೆಯ ಅಂಚು ಚೀಪುತ್ತಿತ್ತು.

ನನ್ನ ಮಗ ಖುಂಬೊ ತಲೆಯಾಡಿಸುತ್ತ ಕೇಳಿದ. ಖುಂಬೊ ಎಲ್ಲದಕ್ಕೂ ತಲೆಯಾಡಿಸುತ್ತಾನೆ. ಕಳೆದ ಜೂನಿನಲ್ಲಿ ಅವನ ಹೆಂಡತಿ ಲುಸುಂಗು ನಾಲ್ಕನೆಯ ಮಗು ಟವೋಂಗಾನನ್ನು ಹೆತ್ತಾಗ ರಕ್ತ ನಿಲ್ಲಲಿಲ್ಲ. ಹೊಗೆಸೊಪ್ಪಿನ ಗೋಣಿಗಳ ಮೇಲೆ ಮಲಗಿಸಿ ಎತ್ತಿನ ಗಾಡಿಯಲ್ಲಿ ದೊಡ್ಡಾಸ್ಪತ್ರೆಗೆ ಕೊಂಡೊಯ್ದೆವು. ಡಾಕ್ಟರು ಖುಂಬೊನನ್ನು ಹೊರಗೆ ಕರೆದು, ಮೂರು ವರ್ಷವಾದರೂ ಬಸಿರು ಬೇಡ, ಮತ್ತೆ ಬಸಿರಾದರೆ ಈಕೆ ಉಳಿಯುವುದು ಕಷ್ಟ ಎಂದರು. ಆಗಲೂ ತಲೆಯಾಡಿಸಿದ. ಇವತ್ತು ಚರ್ಚಿನಿಂದ ಬರುವಾಗ ಹೇಳುತ್ತಾನೆ:

"ಟವೋಂಗಾ ಆಗ್ಲೇ ತೆವಳ್ತಿದಾನಲ್ಲ ಅವ್ವ. ಇನ್ನೊಂದಕ್ಕೆ ಹೊತ್ತಾಯ್ತು."

"ಡಾಕ್ಟ್ರು ಹೇಳಿದ್ದು ಕಿವಿಗೆ ಬಿದ್ದಿರ್ಲಿಲ್ವಾ?"

"ಡಾಕ್ಟ್ರೇನು ಅವಳ ಗಂಡನಾ? ಹೊಗೆಸೊಪ್ಪಿನ ಚಪ್ಪರದಲ್ಲಿ ಎಲ್ರೂ ನಗ್ತಾರೆ. ಖುಂಬೊ ನಾಲ್ಕಕ್ಕೇ ಸುಸ್ತಾದ ಅಂತಾರೆ."

ಚಪ್ಪರದ ಕೆಳಗೆ ಸೊಪ್ಪು ಕಟ್ಟುತ್ತ ಕೂತ ಗಂಡಸರು ನಗುತ್ತಾರೆಂದು ಒಬ್ಬಳು ಸಾಯಬೇಕು. ಅವರಲ್ಲಿ ಅರ್ಧ ಜನ ನನ್ನ ಬಳಿಯೇ ಓದಿದವರು. ಭಾಗಾಕಾರ ಬರುವುದಿಲ್ಲ, ಗುಣಾಕಾರ ಮಾತ್ರ ಬರುತ್ತದೆ.

ಇನ್ನು ಸೊಸೆ. ಏನು ಹೇಳಿದರೂ "ಹೂಂ ಅತ್ತೆ". ಅವಳ ತವರಿಗೆ ಹಸು ಕೊಟ್ಟು ಇಂಥ ಮೂಕಿಯನ್ನು ತಂದೆವು. ಆ ಹಸುಗಳನ್ನೇ ಇಟ್ಟುಕೊಂಡಿದ್ದರೆ ಹಸಿವಾದಾಗಲಾದರೂ ಅಂಬಾ ಅನ್ನುತ್ತಿದ್ದವು.

ಮಾರ್ಚ್ 3, ಭಾನುವಾರ

ಕೆಳಗಿನ ಮನೆಯ ತಮಾಲಾ ಬಂದಿದ್ದಳು. ಮೂವತ್ತು ತುಂಬಿಲ್ಲ, ಐದು ಮಕ್ಕಳು. ಬಾಗಿಲಲ್ಲಿ ಮಂಡಿಯೂರಿ ಕೂತು ಕಾಲು ಗಂಟೆ ಜೋಳದ ಬೆಳೆ, ಮಳೆ, ನನ್ನ ಮಂಡಿನೋವು ಎಲ್ಲ ವಿಚಾರಿಸಿ ಕೊನೆಗೆ, "ಟೀಚರಮ್ಮ, ನಿಮ್ಮ ತಾಯಿ ಕಟ್ತಿದ್ರಲ್ಲ, ಆ ದಾರ ನಿಮಗೂ ಬರುತ್ತಾ" ಎಂದಳು.

ನನ್ನ ಅವ್ವ ಸುತ್ತ ಇಪ್ಪತ್ತು ಊರಿಗೆ ಉಡಿದಾರ ಕಟ್ಟುವವಳಾಗಿದ್ದಳು. ಹತ್ತಿಯ ದಾರ, ಅದರಲ್ಲಿ ಯಾವುದೋ ಬೇರಿನ ಚೂರು, ಎಷ್ಟು ವರ್ಷ ಬಸಿರು ಬೇಡವೋ ಅಷ್ಟು ಗಂಟು. ಸೊಂಟಕ್ಕೆ ಕಟ್ಟಿಕೊಂಡರೆ ಗಂಟು ಬಿಚ್ಚುವವರೆಗೆ ಮಗು ನಿಲ್ಲುವುದಿಲ್ಲ. ಗಂಡಸರೂ ಅದಕ್ಕೆ ತಕರಾರು ಮಾಡುತ್ತಿರಲಿಲ್ಲ. ಹಿರಿಯರ ದಾರ, ಎದುರು ಮಾತಿಲ್ಲ. ಇಷ್ಟೆಲ್ಲ ಶಕ್ತಿಯ ದಾರ ಕಟ್ಟಿದ ನನ್ನ ಅವ್ವ ಸ್ವತಃ ಹೆತ್ತದ್ದು ಹನ್ನೊಂದು.

ಏಳನೇ ತರಗತಿಗೆ ವಿಜ್ಞಾನ ಕಲಿಸಿದವಳು ನಾನು. ದಾರ ಏನು ಮಾಡುತ್ತದೆಂದು ಗೊತ್ತು. ಬಟ್ಟೆ ಜಾರದಂತೆ ಹಿಡಿಯುತ್ತದೆ. ತಮಾಲಾಳಿಗೆ ಅದನ್ನೇ ಹೇಳಿ ಕಳಿಸಿದೆ. ಮುಖ ಹುಳ್ಳಗೆ ಮಾಡಿಕೊಂಡು ಹೋದಳು.

ಮಾರ್ಚ್ 22, ಶುಕ್ರವಾರ

ನನ್ನ ಪೆಟ್ಟಿಗೆಗೆ ಗೆದ್ದಲು ಹತ್ತಿತ್ತು. ಮೂವತ್ತೆರಡು ವರ್ಷದ ಹಾಜರಿ ಪುಸ್ತಕಗಳನ್ನೆಲ್ಲ ಬಿಸಿಲಿಗೆ ಹಾಕಿದೆ. 2003ರ ನಾಲ್ಕನೇ ತರಗತಿಯ ಪುಸ್ತಕ ಕೊಡವಿದಾಗ ಒಳಗಿನಿಂದ ಆಸ್ಪತ್ರೆಯ ಆರೋಗ್ಯ ಪುಸ್ತಕವೊಂದು ಕೆಳಗೆ ಬಿತ್ತು. ಮೇಲೆ ಹೆಸರಿಲ್ಲ. ಒಳಗೆ: ಆಗಸ್ಟ್ 14, ಸೂಜಿ. ನವೆಂಬರ್ 13, ಸೂಜಿ. ಫೆಬ್ರವರಿ 12, ಸೂಜಿ. ಗರ್ಭ ನಿಲ್ಲದಂತೆ ಮಾಡುವ ಸೂಜಿ. ಹದಿಮೂರು ವಾರಕ್ಕೊಮ್ಮೆ.

ಲುಸುಂಗುವಿನ ಜ್ವರ ಕೆಮ್ಮಿನ ಪುಸ್ತಕ ಗೋಡೆಯ ಮೊಳೆಗೆ ಎಲ್ಲರಿಗೂ ಕಾಣುವಂತೆ ನೇತಾಡುತ್ತಿದೆ. ಇದು ಕಳ್ಳ ಪುಸ್ತಕ. ಅದನ್ನು ಬಚ್ಚಿಡಲು ಅವಳಿಗೆ ಸಿಕ್ಕಿದ್ದು ನನ್ನ ಪೆಟ್ಟಿಗೆ. ಕರೆದೆ.

"ಇದೇನು?"

ಅವಳು ನೋಡಿದಳು. ಅಳುತ್ತಾಳೆಂದುಕೊಂಡಿದ್ದೆ, ಅಳಲಿಲ್ಲ.

"ನನ್ನದು ಅತ್ತೆ."

"ನನ್ನ ಪೆಟ್ಟಿಗೇನೇ ಬೇಕಿತ್ತಾ?"

"ಇನ್ನೆಲ್ಲಿಡ್ಲಿ ಅತ್ತೆ? ಹಿಟ್ಟಿನ ಮಡಕೆ, ಹಾಸಿಗೆ ಕೆಳಗೆ, ಎಲ್ಲಾ ಕಡೆ ಕೈ ಹಾಕ್ತಾರೆ ಅವರು. ನಿಮ್ಮ ಪೆಟ್ಟಿಗೆ ಮುಟ್ಟಲ್ಲ. ಮುಟ್ಟಿದ್ರೆ ಲೆಕ್ಕ ಮಾಡಿಸ್ತೀರಿ ಅಂತ ಇನ್ನೂ ಭಯ."

ಮದುವೆಯಾಗಿ ಒಂಬತ್ತು ವರ್ಷದಲ್ಲಿ ನಾನು ಅವಳ ಬಾಯಲ್ಲಿ ಕೇಳಿದ ಅತಿ ಉದ್ದದ ಮಾತು. ಖುಂಬೊಗೆ ಹೇಳಿಬಿಡುತ್ತೇನೆ ಎಂದೆ. "ಹೂಂ ಅತ್ತೆ" ಎಂದಳು. ಮತ್ತೆ ಅದೇ.

ಮುಂದಿನ ಸೂಜಿ ಯಾವಾಗ ಎಂದು ಹೇಗೆ ತಿಳಿಯುತ್ತದೆ ಎಂದು ಕೇಳಿದೆ. ಪ್ರತಿ ಮಂಗಳವಾರ ಒಂದು ಡಬ್ಬಿಗೆ ಒಂದು ಜೋಳದ ಕಾಳು ಹಾಕುತ್ತಾಳಂತೆ. ಹದಿಮೂರಾದರೆ ಹೋಗುತ್ತಾಳಂತೆ. ಡಬ್ಬಿ ತರಿಸಿ ನೋಡಿದರೆ ಮೂರೇ ಕಾಳು. ಐದಿರಬೇಕು. ಎರಡನ್ನು ಎರಡನೆಯ ಮಗಳು ಹುರಿದುಕೊಂಡು ತಿಂದಿದ್ದಾಳೆ. ಎರಡು ವಾರ ತಡವಾಗಿ ಹೋಗಿ, ಆ ಎರಡು ವಾರದಲ್ಲಿ ಬಸಿರಾಗಿ, ಗಾಡಿಯ ಮೇಲೆ ಮಲಗಿ ಸಾಯುವ ದಡ್ಡಿ. ಪ್ರಾಣವನ್ನು ಹುರಿದ ಜೋಳದ ಮೇಲೆ ಇಟ್ಟಿದ್ದಾಳೆ.

ಸರಿಯಾದ ದಿನ ಮೇ 14, ಮಂಗಳವಾರ. ಅವಳ ತಪ್ಪು ಎಷ್ಟೆಂದು ತೋರಿಸುವುದಕ್ಕಷ್ಟೇ ಇಲ್ಲಿ ಬರೆದಿದ್ದೇನೆ.

ಆರೋಗ್ಯ ಪುಸ್ತಕವನ್ನು 2003ರ ಪುಸ್ತಕದಲ್ಲಿ, ಅದರ ಅಚ್ಚು ಬಿದ್ದಿದ್ದ ಹಾಳೆಯಲ್ಲೇ, ವಾಪಸು ಇಟ್ಟೆ. ಇನ್ನೆಲ್ಲಿಡುವುದು? ಖುಂಬೊಗೆ ಶೇಂಗಾ ಸುಲಿಯುವ ಕೆಲಸ ಮುಗಿದ ಮೇಲೆ ಹೇಳುತ್ತೇನೆ.

ಮಾರ್ಚ್ 31

ಶೇಂಗಾ ಮುಗಿಯಿತು. ಖುಂಬೊಗೆ ಶೀತವಾಗಿದೆ. ಶೀತವಾದ ಗಂಡಸಿಗೆ ಏನು ಹೇಳಿದರೂ ದಂಡ.

ಏಪ್ರಿಲ್ 14, ಭಾನುವಾರ

ನನ್ನ ನಾದಿನಿ ನ್ಯಾಗೊಂಡ್ವೆ ಬಂದಿದ್ದಳು. ನಮ್ಮಲ್ಲಿ ಹೆಂಗಸರನ್ನು ಸಾಯುವವರೆಗೂ ತವರಿನ ಮನೆತನದ ಹೆಸರಿನಿಂದ ಕರೆಯುತ್ತಾರೆ. ಈಕೆ ಗೊಂಡ್ವೆ ಮನೆಯ ಮಗಳೆಂಬುದನ್ನು ಕರೆಯುವವರು ಮರೆತರೂ ಈಕೆ ಮರೆಯುವುದಿಲ್ಲ. ಖುಂಬೊಗೆ ಸೋದರತ್ತೆ, ಅಂದರೆ ಅವನ ಮದುವೆ, ಹಸು, ಹೆಂಡತಿಯ ಹೊಟ್ಟೆ ಎಲ್ಲದರ ಮೇಲೂ ಅಧಿಕಾರವುಳ್ಳವಳು. ಕೂರುವ ಮೊದಲೇ ಶುರು ಮಾಡಿದಳು.

"ಅತ್ತಿಗೆ, ನಿಮ್ಮ ಸೊಸೆ ಹೊಟ್ಟೆ ಯಾಕೆ ಹಂಗೇ ಚಪ್ಪಟೆಯಾಗಿದೆ?"

"ಮುದ್ದೆ ಕಮ್ಮಿ ತಿಂತಾಳೆ."

"ತಮಾಷೆ ಬೇಡ. ಕ್ಲಿನಿಕ್ಕಿನ ಮಾವಿನಮರದ ಕೆಳಗೆ ಕೂತಿದ್ಲಂತೆ. ನೋಡಿದೋರೇ ಹೇಳಿದ್ರು. ಸೂಜಿ ಹಾಕಿಸ್ಕೊಂಡ ಹೆಂಗಸಿನ ಮೈ ಕೆರೆ ಮೀನಿನ ಹಂಗೆ ತಣ್ಣಗಾಗುತ್ತೆ. ಗಂಡನ ಕಸುವೆಲ್ಲಾ ನೀರಾಗಿ ಹೋಗುತ್ತೆ. ಆಮೇಲೆ ಅವಳಿಗೆ ಹೆದರಿಕೇನೂ ಇರಲ್ಲ, ಯಾರ ಜೊತೆ ಬೇಕಾದ್ರೂ ಹೋಗ್ತಾಳೆ."

"ಯಾರ ಜೊತೆ ಹೋಗ್ತಾಳೆ? ಇಲ್ಲಿರೋ ಗಂಡಸರನ್ನ ನೀನು ನೋಡಿದೀಯಾ?"

ಖುಂಬೊ ಗೋಡೆ ನೋಡುತ್ತಿದ್ದ. ನ್ಯಾಗೊಂಡ್ವೆ ಲುಸುಂಗುವನ್ನು ಕರೆದಳು, ರವಿಕೆಯ ತೋಳು ಮೇಲೆ ಸರಿಸಿ ತೋಳಿನ ಒಳಭಾಗವನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ಈಗ ಗಂಡಸರೂ ಅತ್ತೆಯರೂ ಕಲಿತಿರುವ ಹೊಸ ವಿದ್ಯೆ ಇದು. ಚರ್ಮದ ಕೆಳಗೆ ಬಸಿರು ತಡೆಯುವ ಕಡ್ಡಿ ಹಾಕಿಸಿಕೊಂಡಿದ್ದರೆ ಬೆರಳಿಗೆ ಸಿಗುತ್ತದೆ. ಸಂತೆಯಲ್ಲಿ ಆಡಿನ ಪಕ್ಕೆ ಮುಟ್ಟಿ ನೋಡಿದ ಹಾಗೆ ಮುಟ್ಟಿದಳು. ಲುಸುಂಗು ಮಗುವನ್ನು ಇನ್ನೊಂದು ಕೈಯಲ್ಲಿ ಹಿಡಿದು ನಿಂತಿದ್ದಳು. ನನಗೆ ಹೇಸಿಗೆಯಾಯಿತು.

"ಕಡ್ಡಿ ಇಲ್ಲ. ಹಂಗಾದ್ರೆ ಸೂಜಿನೇ," ಎಂದಳು ನಾದಿನಿ. "ನೋಡು ಖುಂಬೊ, ನನ್ನ ಗಂಡನ ಕಡೆ ಒಂದು ಹುಡುಗಿ ಇದೆ. ಹತ್ತೊಂಬತ್ತು ವರ್ಷ, ಒಳ್ಳೇ ಗಟ್ಟಿ ಹುಡುಗಿ. ಇವಳು ಹೆರಲ್ಲ ಅಂದ್ರೆ ಅವಳನ್ನ ತರೋಣ. ಇವಳು ತವರಿಗೆ ಹೋಗ್ಲಿ, ಮಕ್ಕಳು ನಮ್ಮವು."

ಇವಳ ತವರಿನಲ್ಲಿ ತಾಯಿ ಇಲ್ಲ. ಇಲ್ಲಿಂದ ಹೊರಬಿದ್ದರೆ ನಾಲ್ಕು ಮಕ್ಕಳನ್ನೂ ಬಿಟ್ಟು ಅಣ್ಣನ ಹೆಂಡತಿಗೆ ನೀರು ಹೊರಬೇಕು. ಬಸಿರಾದರೆ ಸಾವು, ಆಗದಿದ್ದರೆ ಇದು.

ಖುಂಬೊ ತಲೆಯಾಡಿಸಲು ಶುರು ಮಾಡಿದ. ನನಗೆ ಅದನ್ನು ನೋಡಿಯೇ ಮೈ ಉರಿಯಿತು. ಇಪ್ಪತ್ತು ದಿನದಿಂದ ಹೇಳಬೇಕೆಂದಿದ್ದ ಸತ್ಯವನ್ನು ಹೇಳಿ ಎಲ್ಲರ ಬಾಯಿ ಮುಚ್ಚಿಸೋಣವೆಂದು ಬಾಯಿ ತೆರೆದೆ. ಬಂದ ಮಾತು ಬೇರೆ.

"ದಾರ ಕಟ್ಟಿದೀನಿ. ನನ್ನ ಅವ್ವನ ದಾರ. ಮೂರು ಗಂಟು."

ಖುಂಬೊನ ತಲೆ ಅರ್ಧದಲ್ಲೇ ನಿಂತಿತು. "ಅಜ್ಜಿ ದಾರಾನಾ? ಮೊದಲೇ ಹೇಳಬಾರದಿತ್ತಾ ಅವ್ವ?"

"ತೋರಿಸ್ಲಿ," ಎಂದಳು ನ್ಯಾಗೊಂಡ್ವೆ.

"ಉಡಿದಾರ ತೋರಿಸು ಅಂತ ಯಾವ ಮರ್ಯಾದಸ್ಥರ ಮನೇಲಿ ಕೇಳ್ತಾರೆ? ಅಷ್ಟೇ ಅಲ್ಲ, ಹೊತ್ತಿಗೆ ಮುಂಚೆ ಗಂಟು ಮುಟ್ಟಿದ್ರೆ ಹಾಲು ಕುಡಿಯೋ ಮಗೂಗೆ ಆಗಿಬರಲ್ಲ."

ಕೊನೆಯ ಮಾತು ಅಲ್ಲೇ ಹುಟ್ಟಿದ್ದು. ಅವ್ವ ಹಾಗೆ ಹೇಳಿದ್ದು ನನಗೆ ನೆನಪಿಲ್ಲ. ಆದರೂ ಇಬ್ಬರೂ ಬಾಲ ಮುದುರಿದರು. ಡಾಕ್ಟರು ಬಿಳಿ ಕೋಟು ಹಾಕಿಕೊಂಡು ಹೇಳಿದ್ದು ತಲೆಗೆ ಹತ್ತಲಿಲ್ಲ, ಇದು ಹತ್ತಿತು. ಇಂಥವರಿಗೆ ನಾನು ಮೂವತ್ತೆರಡು ವರ್ಷ ವಿಜ್ಞಾನ ಕಲಿಸಿದೆ.

ಅವರು ಅತ್ತ ಹೋದ ಕೂಡಲೇ ದಾರ ಮಾಡಬೇಕಾಯಿತು. ಹತ್ತಿ ದಾರ ಎಲ್ಲಿ ತರುವುದು? ನನ್ನ ಹಳೆಯ ಲಂಗದ ಲಾಡಿ ಎಳೆದು ತೆಗೆದೆ. ಬೇರಿನ ಬದಲು ಒಣಗಿದ ಶುಂಠಿ ಚೂರು. ಕಟ್ಟುವಾಗ ಅವ್ವ ಏನೋ ಮಂತ್ರ ಹೇಳುತ್ತಿದ್ದಳು, ನನಗೆ ಬಾರದು. ಖುಂಬೊ ಅಂಗಳದಲ್ಲೇ ಇದ್ದ, ಏನಾದರೂ ಗೊಣಗಲೇಬೇಕಿತ್ತು. ಹದಿಮೂರೊಂದ್ಲೆ ಹದಿಮೂರು, ಹದಿಮೂರೆರಡ್ಲೆ ಇಪ್ಪತ್ತಾರು, ಹದಿಮೂರು ಮೂರ್ಲೆ ಮೂವತ್ತೊಂಬತ್ತು ಎಂದು ಒಂದೊಂದು ಸಾಲಿಗೆ ಒಂದೊಂದು ಗಂಟು ಹಾಕಿದೆ. ಲುಸುಂಗುವಿನ ಹೊಟ್ಟೆ ಅದುರಿತು. ಅಳುತ್ತಿದ್ದಾಳೆಂದು ತಲೆಯೆತ್ತಿದರೆ ನಗು ತಡೆಯುತ್ತಿದ್ದಳು. ಆದರೆ ದಾರ ಸೊಂಟಕ್ಕೆ ಬಿಗಿದಾಗ ಅವಳ ಮುಖ ಒಮ್ಮೆ ಬಿಳಿಚಿಕೊಂಡಿತು. ಬಿಗಿಯಾಯಿತಾ ಎಂದೆ. ಇಲ್ಲ ಅತ್ತೆ ಎಂದಳು.

ನಾನು ಸುಳ್ಳು ಹೇಳುವವಳಲ್ಲ. ಇವರಿಗೆ ಸತ್ಯ ಹೇಳುವುದು ದುಂದುಗಾರಿಕೆ, ಅಷ್ಟೇ.

ಮೇ 14, ಮಂಗಳವಾರ

ಮಂಡಿನೋವಿಗೆ ಮಾತ್ರೆ ಬೇಕೆಂದು ಹೇಳಿ ಲುಸುಂಗುವನ್ನು ಜೊತೆಗೆ ಕರೆದುಕೊಂಡು ಕ್ಲಿನಿಕ್ಕಿಗೆ ಹೋದೆ. ಮುದುಕಿಯ ಕೈ ಹಿಡಿದು ಹೊರಟ ಸೊಸೆಯನ್ನು ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ.

ಹಳೆಯ ನರ್ಸು ವರ್ಗವಾಗಿ ಹೋಗಿದ್ದಾಳೆ. ಹೊಸಬಳು ಲವ್ನೆಸ್, ನನ್ನ ಐದನೇ ತರಗತಿಯ ವಿದ್ಯಾರ್ಥಿನಿ. ಯಕೃತ್ತಿನ ಚಿತ್ರ ಬರೆ ಎಂದರೆ ಬಾಳೆಹಣ್ಣು ಬರೆದವಳು. ಮರದ ಕೆಳಗೆ ಕೂತ ಹೆಂಗಸರನ್ನು ಕೋಳಿ ಅಟ್ಟುವ ಹಾಗೆ ಅಟ್ಟುತ್ತಿದ್ದಳು.

"ಗಂಡನ್ನ ಕರ್ಕೊಂಡು ಬಂದೋರು ಮುಂದೆ ಬನ್ನಿ. ಒಬ್ಬಳೇ ಬಂದೋರು ಮನೆಗೆ ಹೋಗಿ ಒಪ್ಪಿಗೆ ತಗೊಂಡು ಬನ್ನಿ. ಆಮೇಲೆ ನಿಮ್ಮ ಗಂಡಂದಿರು ಬಂದು ನನ್ನ ಬಾಗಿಲು ಒದೀತಾರೆ."

ಹದಿನಾಲ್ಕು ಹೆಂಗಸರಲ್ಲಿ ಗಂಡನ ಜೊತೆ ಬಂದವಳು ಒಬ್ಬಳು. ಉಳಿದವರು ಚಿತೆಂಜೆ ಕೊಡವಿಕೊಂಡು ಎದ್ದರು. ಎರಡು ಗಂಟೆ ನಡೆದು ಬಂದವರು, ಒಂದು ಮಾತಿಗೆ ಎದ್ದು ಹೊರಟರು. ಕುರಿಗಳು. ನನ್ನ ಸೊಸೆಯೂ ಎದ್ದಳು. ನಾನು ಅವಳ ಬಟ್ಟೆಯ ಅಂಚು ಹಿಡಿದು ಕೂರಿಸಿದೆ.

"ಲವ್ನೆಸ್, ಇಲ್ಲಿ ಬಾ."

"ಅಯ್ಯೋ, ಚಿರ್ವಾ ಟೀಚರ್. ನೀವ್ಯಾಕೆ ಬಂದ್ರಿ?"

"ಐದನೇ ಕ್ಲಾಸಲ್ಲಿ ಒಂದಿನ ನಿನ್ನ ಸಮವಸ್ತ್ರಕ್ಕೆ ಕಲೆಯಾಗಿತ್ತು. ಬೆಂಚಿಂದ ಏಳಲ್ಲ ಅಂತ ಕೂತಿದ್ದೆ. ನಾನು ಬಟ್ಟೆ ಕೊಡೋಕೆ ಮುಂಚೆ ನಿನ್ನ ಅಪ್ಪನ್ನ ಕರ್ಕೊಂಡು ಬಾ ಅಂದಿದ್ನಾ?"

ಅವಳು ಸುತ್ತ ನೋಡಿದಳು. ದನಿ ತಗ್ಗಿಸಿ, "ಟೀಚರ್, ಇಲ್ಲಿ ಬಂದು ಕೂಗಾಡೋರು ನಿಮಗೆ ಗೊತ್ತಿಲ್ಲ" ಎಂದಳು.

"ಎಲ್ರೂ ಗೊತ್ತು. ಕೂಗಾಡೋಕೆ ಬಂದ್ರೆ ಅವನ ಹೆಸರು ನನಗೆ ಹೇಳು. ಯಾವ ಕ್ಲಾಸಲ್ಲಿ ಎಷ್ಟು ಸಲ ಫೇಲಾದ ಅಂತ ಪುಸ್ತಕ ನೋಡಿ ಮರದ ಕೆಳಗೆ ಗಟ್ಟಿಯಾಗಿ ಓದ್ತೀನಿ."

ಲವ್ನೆಸ್ ಒಳಗೆ ಹೋಗಿ ಸೂಜಿಯ ತಟ್ಟೆ ತಂದಳು. ಎದ್ದು ಹೊರಟಿದ್ದ ಹೆಂಗಸರೆಲ್ಲ ವಾಪಸು ಕೂತರು. ಕೊನೆಗೆ ನನ್ನ ಮಂಡಿನೋವಿನ ಮಾತ್ರೆ ಕೇಳುವುದನ್ನೇ ಮರೆತು ಬಂದೆ.

ಮುಂದಿನದು ಆಗಸ್ಟ್ 13.

ಜೂನ್ 30, ಭಾನುವಾರ

ಖುಂಬೊ ಚಪ್ಪರದಲ್ಲಿ ಅಜ್ಜಿಯ ದಾರದ ಬಗ್ಗೆ ಕೊಚ್ಚಿಕೊಂಡಿದ್ದಾನೆ. ತನಗೆ ಸುಸ್ತಾಗಿಲ್ಲ, ಹಿರಿಯರ ಕಟ್ಟಳೆ ಇದೆ ಎಂದು. ಈಗ ಅದೇ ಗಂಡಸರು ತಮ್ಮ ತಮ್ಮ ಹೆಂಡಿರನ್ನು ನನ್ನ ಬಳಿ ಕಳಿಸುತ್ತಿದ್ದಾರೆ. ಸೂಜಿ ಎಂದರೆ ಕೊಡಲಿ ಎತ್ತುವವರಿಗೆ ಲಂಗದ ಲಾಡಿ ಎಂದರೆ ಭಕ್ತಿ. ಈ ವಾರ ಆರು ಜನ. ತಮಾಲಾ ಮೊದಲನೆಯವಳು.

ಎಲ್ಲರಿಗೂ ಒಂದೇ ಮಾತು ಹೇಳಿದೆ. ಮಂಗಳವಾರ ಕ್ಲಿನಿಕ್ಕಿಗೆ ಹೋಗಿ ಲವ್ನೆಸ್ ಬಳಿ ಸೂಜಿ ಹಾಕಿಸಿಕೊಳ್ಳಬೇಕು, ಅದಿಲ್ಲದಿದ್ದರೆ ದಾರ ಬರೀ ದಾರ. ಎಲ್ಲರೂ ಹೂಂ ಎಂದರು. ನನ್ನ ಲಂಗಗಳೆಲ್ಲ ಲಾಡಿ ಕಳೆದುಕೊಂಡಿವೆ.

ಆಗಸ್ಟ್ 13, ಮಂಗಳವಾರ

ಲುಸುಂಗುವಿಗೆ ಸೂಜಿಯಾಯಿತು. ಕಾಳಿನ ಡಬ್ಬಿಯಲ್ಲಿ ಸರಿಯಾಗಿ ಹದಿಮೂರಿದ್ದವು. ಡಬ್ಬಿಯನ್ನು ನನ್ನ ಪೆಟ್ಟಿಗೆಯಲ್ಲೇ ಇಡಿಸಿದ್ದೆ, ಅದಕ್ಕೇ. ತಾನಾಗಿ ಎಣಿಸಿ ತೋರಿಸಿದಳು, ಮೆಚ್ಚಲಿ ಎಂದು ನಿಂತಿದ್ದಳು. ಹದಿಮೂರು ಎಣಿಸುವುದೇನು ಮಹಾ. ದಾರಿಯಲ್ಲಿ ಹುರಿದ ಗೆಣಸು ಕೊಡಿಸಿದೆ. ನನಗೆ ಹಸಿವಾಗಿತ್ತು.

ಆರರಲ್ಲಿ ಐದು ಜನ ಆಗಲೇ ಬಂದು ಸೂಜಿ ಹಾಕಿಸಿಕೊಂಡು ಹೋಗಿದ್ದಾರೆಂದು ಲವ್ನೆಸ್ ಹೇಳಿದಳು. ತಮಾಲಾ ಬಂದಿಲ್ಲವಂತೆ.

ಸೆಪ್ಟೆಂಬರ್ 8, ಭಾನುವಾರ

ತಮಾಲಾಳಿಗೆ ಮುಟ್ಟು ನಿಂತು ಎರಡು ತಿಂಗಳು.

ಅವಳೇ ಬಂದು ಹೇಳಿದಳು. ಸೂಜಿಗೆ ಹೋಗಲಿಲ್ಲವಂತೆ. ದಾರ ಇದೆಯಲ್ಲ, ಸೂಜಿ ಯಾಕೆ ಎಂದನಂತೆ ಗಂಡ. ಇವಳಿಗೂ ಸರಿ ಎನ್ನಿಸಿತಂತೆ. ಮಂಡಿಯೂರಿ ಕೂತು ಬಟ್ಟೆ ಸರಿಸಿ ದಾರ ತೋರಿಸಿದಳು. ನನ್ನ ಹಸಿರು ಲಂಗದ ಲಾಡಿ. ಮೂರು ಗಂಟೂ ಹಾಗೇ ಇವೆ.

"ನಾನೇನು ತಪ್ಪು ಮಾಡ್ದೆ ಟೀಚರಮ್ಮ? ಸ್ನಾನ ಮಾಡುವಾಗ್ಲೂ ಬಿಚ್ಚಲಿಲ್ಲ."

ದಡ್ಡಿ. ಕತ್ತೆ. ಹೇಳಿದ್ದನ್ನು ಕೇಳದ ಜನ್ಮ. ಹಾಗೆಂದು ಬೈದು ಕಳಿಸಿದೆ. ಆಮೇಲೆ ಮಧ್ಯಾಹ್ನದ ಮುದ್ದೆ ಸೇರಲಿಲ್ಲ. ಮೀನು ಹಳಸಿತ್ತೇನೋ. ಲುಸುಂಗು ಚೆನ್ನಾಗಿಯೇ ಇದೆ ಎಂದಳು.

ದಡ್ಡಿಗೆ ದಾರ ಕಟ್ಟಿದವಳನ್ನು ಏನೆನ್ನಬೇಕು?

ಸೆಪ್ಟೆಂಬರ್ 10

ಹೊಸ ನಿಯಮ. ಮನೆಯಲ್ಲಿ ಕಟ್ಟುವುದಿಲ್ಲ. ಕ್ಲಿನಿಕ್ಕಿನ ಹಿಂದೆ, ಸೂಜಿ ಹಾಕಿಸಿಕೊಂಡು ಹೊರಬಂದವಳಿಗೆ ಮಾತ್ರ ಕಟ್ಟುತ್ತೇನೆ. ತೋಳಿನ ಮೇಲಿನ ಹತ್ತಿ ತೋರಿಸಬೇಕು. ಲವ್ನೆಸ್ ನಕ್ಕಳು. ಇನ್ನು ಪ್ರತಿ ಮಂಗಳವಾರ ನಾಲ್ಕು ಮೈಲಿ ನಡೆಯಬೇಕು, ಇವರ ಮೂರ್ಖತನದಿಂದಾಗಿ.

ತಮಾಲಾಳ ಹೆರಿಗೆಗೆ ಗಾಡಿ ಈಗಲೇ ಹೇಳಿಟ್ಟಿದ್ದೇನೆ. ಅವಳ ಗಂಡನಿಗೆ ಅದೂ ತೋಚುವುದಿಲ್ಲ.

ಅಕ್ಟೋಬರ್ 7, ಸೋಮವಾರ

ಖುಂಬೊ ದಾರ ಕತ್ತರಿಸಿದ್ದಾನೆ.

ನಿನ್ನೆ ನ್ಯಾಗೊಂಡ್ವೆಯ ಮನೆಯಲ್ಲಿ ಮದುವೆ ಊಟ. ಚೆನ್ನಾಗಿ ಕುಡಿಸಿ, ಚೆನ್ನಾಗಿ ತಿವಿದು ಕಳಿಸಿದ್ದಾರೆ. ಮೂರು ವರ್ಷ ಕಾಯುವವನು ಗಂಡಸೇ ಎಂದು. ಇವತ್ತು ಬೆಳಗ್ಗೆ ಎದ್ದು ಸೊಪ್ಪು ಕೊಯ್ಯುವ ಚಾಕು ತಂದು ಹೆಂಡತಿಯ ಸೊಂಟದ ದಾರ ಕತ್ತರಿಸಿ ಒಲೆಗೆ ಹಾಕಿದ. ನಾನು ಗದರಿದ್ದಕ್ಕೆ, "ನನ್ನ ಹೆಂಡತಿ, ನನ್ನ ಮನೆ" ಎಂದ. ಮನೆ ನನ್ನ ಸಂಬಳದಿಂದ ಕಟ್ಟಿದ್ದು.

ಲುಸುಂಗು ಒಲೆಯ ಮುಂದೆ ಕೂತು ಗಂಜಿ ತಿರುವುತ್ತಿದ್ದಳು. ನನ್ನ ಕಡೆ ನೋಡಿದಳು. ಹೆದರಿಕೆ ಇರಲಿಲ್ಲ. ನವೆಂಬರ್ 12ರವರೆಗೆ ಅವನು ಏನು ಕತ್ತರಿಸಿದರೂ ಅಷ್ಟೇ. ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ಅವಳು ಗಂಜಿ ತಿರುವಿದಳು, ನಾನು ಗಂಜಿ ಕುಡಿದೆ.

ಆದರೆ ಇನ್ನೆರಡು ತಿಂಗಳು ಹೊಟ್ಟೆ ಚಪ್ಪಟೆಯಾಗಿಯೇ ಉಳಿದರೆ ಏನು ಹೇಳುವುದು? ದಾರವಿಲ್ಲ. ಆಗ ಉಳಿಯುವುದು ಸೂಜಿಯೇ. ಹತ್ತೊಂಬತ್ತರ ಹುಡುಗಿ ಬಾಗಿಲಲ್ಲಿ ನಿಂತ ಹಾಗೆಯೇ.

ಅಕ್ಟೋಬರ್ 9, ಬುಧವಾರ

ಟವೋಂಗಾಗೆ ಜ್ವರ. ಮೈ ಒಲೆಯ ಹಾಗಿದೆ. ಹಾಲು ಕುಡಿಯುತ್ತಿಲ್ಲ. ಬೆಳಗ್ಗೆ ಲುಸುಂಗು ಬೆನ್ನಿಗೆ ಕಟ್ಟಿಕೊಂಡು ಕ್ಲಿನಿಕ್ಕಿಗೆ ಓಡಿದಳು. ಮಲೇರಿಯಾ ಎಂದು ಲವ್ನೆಸ್ ಮಾತ್ರೆ ಕೊಟ್ಟಿದ್ದಾಳೆ. ಈ ತಿಂಗಳು ಊರಿನ ಅರ್ಧ ಮಕ್ಕಳಿಗೆ ಮಲೇರಿಯಾ.

ಖುಂಬೊ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾನೆ. ಗಂಟು ಮುಟ್ಟಿದರೆ ಮಗುವಿಗೆ ಆಗಿಬರುವುದಿಲ್ಲ ಎಂದು ನಾನು ಹೇಳಿದ್ದೆನಲ್ಲ. ನಾನು ಕಟ್ಟಿದ ಕಥೆ. ಅದು ಗೊತ್ತಿದ್ದೂ ದಾರದ ಚೂರೇನಾದರೂ ಉಳಿದಿದೆಯೇ ಎಂದು ಒಲೆಯ ಬೂದಿ ಕೆದಕಿ ನೋಡಿದೆ. ನಾಚಿಕೆಗೇಡು.

ಅಕ್ಟೋಬರ್ 11, ಶುಕ್ರವಾರ

ಜ್ವರ ಬಿಟ್ಟಿತು. ಬೆಳಗ್ಗೆ ಎದ್ದು ಮೊಲೆ ಕೇಳಿದ, ಆಮೇಲೆ ನನ್ನ ಕನ್ನಡಕ ಕೇಳಿದ. ಎರಡೂ ಕೊಟ್ಟೆವು.

ಖುಂಬೊ ನನ್ನ ಮುಂದೆ ಮಂಡಿಯೂರಿದ. ಮೂವತ್ತೊಂದು ವರ್ಷದ ಗಂಡಸು.

"ಅವ್ವ, ವಾಪಸು ಕಟ್ಟಿಬಿಡು."

"ಕತ್ತರಿಸಿದ್ದನ್ನ ಕಟ್ಟೋಕಾಗುತ್ತಾ?"

"ಹೊಸದು ಕಟ್ಟು. ಮೂರು ಬೇಡ, ಐದು ಗಂಟು ಹಾಕು. ನಾನು ಮುಟ್ಟಲ್ಲ. ಸೋದರತ್ತೆ ಬಂದ್ರೆ ನಾನೇ ಹೇಳ್ತೀನಿ, ಆ ಹುಡುಗಿ ಮಾತು ಇಲ್ಲಿ ಎತ್ಬೇಡ ಅಂತ."

ಐದನ್ನು ಅವನೇ ಕೇಳಿದ್ದು. ಸೊಸೆ ಉಳಿಯಲಿ ಎಂದಲ್ಲ, ಮಗನಿಗೆ ಏನಾದರೂ ಆದೀತು ಎಂದು. ಕಾರಣ ಕೇಳಿ ಅಂಕ ಕೊಡುವ ಹಾಗಿದ್ದರೆ ಸೊನ್ನೆ. ಉತ್ತರ ಸರಿಯಿದೆ.

ಈ ಸಲ ಮಂತ್ರವನ್ನು ಗಂಡನೇ ಹೇಳಬೇಕು ಎಂದೆ. ಎದುರಿಗೆ ಕೂರಿಸಿ ಹದಿಮೂರರ ಮಗ್ಗಿ ಹೇಳಿಸಿದೆ. ನಾಲ್ಕನೆಯದರಲ್ಲಿ ತಪ್ಪಿದ. ಲುಸುಂಗು ಅಲುಗದೆ ನಿಂತು, ಮಗುವಿನ ತಲೆಯ ಮೇಲಿಂದ, ಮೆಲ್ಲಗೆ, "ಐವತ್ತೆರಡು" ಎಂದಳು.

ಇವಳು ಎಲ್ಲಿ ಕಲಿತಳು?

ನವೆಂಬರ್ 12, ಮಂಗಳವಾರ

ಸೂಜಿಯಾಯಿತು. ಹೊಸಬರು ನಾಲ್ಕು ಜನರಿಗೆ ಕ್ಲಿನಿಕ್ಕಿನ ಹಿಂದೆ ದಾರ ಕಟ್ಟಿದೆ. ಬರುವಾಗ ಬಿಸಿಲು ಜೋರಾಗಿತ್ತು, ನಾನೂ ಲುಸುಂಗುವೂ ದಾರಿಯ ಹುಣಸೆಮರದ ಕೆಳಗೆ ಕೂತೆವು. ಅಕ್ಟೋಬರಿನಿಂದ ಕೇಳಬೇಕೆಂದಿದ್ದನ್ನು ಕೇಳಿದೆ.

"ಹದಿಮೂರರ ಮಗ್ಗಿ ಯಾರು ಹೇಳಿಕೊಟ್ರು?"

"ನೀವೇ ಅತ್ತೆ. ನಾಲ್ಕನೇ ಕ್ಲಾಸಲ್ಲಿ."

"ನೀನು ನನ್ನ ಕ್ಲಾಸಲ್ಲಿದ್ಯಾ?"

"ಎರಡು ತಿಂಗಳು. ನೂರಾ ಹನ್ನೆರಡು ಮಕ್ಕಳಿದ್ವಿ, ನಿಮಗೆ ನೆನಪಿರಲ್ಲ."

ಆಮೇಲೆ ಹೇಳಿದಳು. ಕೇಳುವವರಿದ್ದರೆ ಹೇಳುತ್ತಾಳೆ ಎಂಬುದು ಈಗ ತಿಳಿಯಿತು. ಅವಳ ತಾಯಿಗೆ ಆರನೆಯ ಹೆರಿಗೆಯಲ್ಲಿ ರಕ್ತ ಹೋಗಿತ್ತಂತೆ. ನನ್ನ ಅವ್ವ ಅವರ ಊರಿಗೆ ಹೋಗಿ ದಾರ ಕಟ್ಟಿ ಬಂದಳಂತೆ. ಮೂರು ಗಂಟು. ಹನ್ನೊಂದನೇ ತಿಂಗಳಿಗೆ ಏಳನೆಯದು ಹುಟ್ಟಿತು. ತಾಯಿ ಅದೇ ಚಾಪೆಯ ಮೇಲೆ ಹೋದಳು. ಮೈ ತೊಳೆಯುವಾಗ ಹೆಂಗಸರು ದಾರ ಬಿಚ್ಚಲು ಹೆದರಿ ಹಾಗೇ ಮಣ್ಣು ಮಾಡಿದರು.

"ಆ ಮಗೂನ ನಾನೇ ಬೆನ್ನಿಗೆ ಕಟ್ಕೊಂಡು ಒಂದಿನ ಶಾಲೆಗೆ ಬಂದೆ. ಅಳ್ತಿತ್ತು. ಅಳೋದನ್ನ ಆಚೆ ಕರ್ಕೊಂಡು ಹೋಗು ಅಂದ್ರಿ. ಹೋದೆ."

"ಆಮೇಲೆ?"

"ಆಮೇಲೆ ಏನು ಅತ್ತೆ. ಅದು ಅಳೋದು ನಿಲ್ಲಿಸೋ ಹೊತ್ತಿಗೆ ನನಗೆ ಮದುವೆ ವಯಸ್ಸಾಗಿತ್ತು."

"ಮೊದಲೇ ಯಾಕೆ ಹೇಳಲಿಲ್ಲ? ನಾನು ದಾರ ಕಟ್ಟುವಾಗ ಸುಮ್ಮನೆ ನಿಂತಿದ್ಯಲ್ಲ."

"ನಿಮ್ಮದು ಬರೀ ದಾರ ಅಂತ ನಿಮಗೆ ಗೊತ್ತಿತ್ತಲ್ಲ ಅತ್ತೆ. ನಿಮ್ಮ ಅವ್ವಂಗೆ ಗೊತ್ತಿರಲಿಲ್ಲ."

ಎದ್ದು ನಡೆದೆವು. ಅವಳು ನನ್ನ ಕೈ ಹಿಡಿದಿದ್ದಳು, ಎಲ್ಲರೂ ನೋಡುವಂತೆ. ಮಂಡಿ ನಿಜವಾಗಿಯೂ ನೋಯುತ್ತಿತ್ತು.

ಮನೆಗೆ ಬಂದು 2003ರ ಪುಸ್ತಕ ತೆಗೆದೆ. ಆರೋಗ್ಯ ಪುಸ್ತಕವಿಟ್ಟ ಹಾಳೆ. ಮಾರ್ಚಿನಲ್ಲಿ ಆ ಹಾಳೆ ತೆರೆದು ಪುಸ್ತಕ ವಾಪಸು ಇಟ್ಟಾಗ ನಾನು ಓದಿರಲಿಲ್ಲ. ಅರವತ್ತೇಳನೆಯ ಹೆಸರು, ಲುಸುಂಗು ಕುಮ್ವೆಂಡಾ. ಜನವರಿ ಪೂರ್ತಿ ಹಾಜರು. ಫೆಬ್ರವರಿಯಲ್ಲಿ ಅರ್ಧ. ಒಂದು ದಿನ ಹಾಜರು ಹಾಕಿ ಅದನ್ನೇ ಹೊಡೆದು ಗೈರುಹಾಜರು ಮಾಡಿದ್ದೇನೆ. ಅದೇ ದಿನವಿರಬೇಕು. ಆಮೇಲೆ ಮೂರು ವಾರ ಗೈರುಹಾಜರು. ಆಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ, ಪಕ್ಕದಲ್ಲಿ ನನ್ನ ದುಂಡಗಿನ ಅಕ್ಷರ: ‘ಆಸಕ್ತಿಯಿಲ್ಲ. ಹೆಸರು ತೆಗೆದಿದೆ.’

ಓದಿದೆ. ಇನ್ನೊಮ್ಮೆ ಓದಿದೆ. ಇಷ್ಟು ದಿನ ನಾನು ಬರೆಯುತ್ತಿರುವ ಈ ಖಾಲಿ ಹಾಳೆಗಳಲ್ಲಿ ಊರಿನವರ ದಡ್ಡತನವನ್ನೆಲ್ಲ ಬರೆದಿದ್ದೇನೆ. ಇದಕ್ಕಿಂತ ದಡ್ಡ ವಾಕ್ಯ ಒಂದೂ ಇಲ್ಲ.

ಗೆರೆಯ ಮುಂದೆ ಚೌಕಗಳು ಖಾಲಿ ಇದ್ದವು. ಆಗಸ್ಟ್ 14, ನವೆಂಬರ್ 13, ಫೆಬ್ರವರಿ 12, ಮೇ 14, ಆಗಸ್ಟ್ 13, ನವೆಂಬರ್ 12. ಆರು ಚೌಕದಲ್ಲಿ ಆರು ಸಲ ಹಾಜರು ಹಾಕಿದೆ. ಒಂದು ದಿನವೂ ತಪ್ಪಿಲ್ಲ. ಹಾಜರಿ ಪುಸ್ತಕದಲ್ಲಿ ಏನು ತಿದ್ದಿದರೂ ತಿದ್ದಿದವರ ಸಹಿ ಪಕ್ಕದಲ್ಲಿರಬೇಕೆಂಬುದು ನಿಯಮ. ಸಹಿ ಹಾಕಿದೆ.